ಎರಡನೇ ಕೇಬಲ್ಲಿನ ಉಪಕಾರ

ಕ್ಲೆಮ್‌ಗೆ ಬೇಕಾಗಿದ್ದುದು ಮೌನ. ರಜೆಯ ಮೂರು ದಿನ ನದಿಯ ನಡುವೆ ದೋಣಿ ನಿಲ್ಲಿಸಿಕೊಂಡು, ಬಾರಾಮುಂಡಿ ಮೀನಿಗೆ ಗಾಳ ಹಾಕಿ, ಒಂದು ನರಪಿಳ್ಳೆಯ ದನಿಯೂ ಕೇಳದಂತೆ ಕೂತಿರಬೇಕು. ಅದಕ್ಕೆ ಅಡ್ಡ ಬಂದದ್ದು ಒಂದು ಕೇಬಲ್ಲು.

ಟೆಂಚ್ ಕ್ರೀಕ್ ಪುರಸಭೆಯ ಮೇಲ್‌ಗಳೆಲ್ಲ ಒಂದೇ ಸರ್ವರ್ ಪೆಟ್ಟಿಗೆಯ ಮೂಲಕ ಹೋಗಿಬರಬೇಕು. ಆ ಪೆಟ್ಟಿಗೆಗೆ ಇದ್ದುದು ಒಂದೇ ಕೇಬಲ್ಲು. ಅದು ಕೈಕೊಟ್ಟಾಗಲೆಲ್ಲ ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಕ್ಲೆಮ್ ಗಾಳ ಸುತ್ತಿಕೊಂಡು ಓಡಿಬರಬೇಕು.

"ಒಂದು ಸತ್ತರೆ ಇನ್ನೊಂದು ತಾನಾಗೇ ಕೆಲಸ ಹಿಡ್ಕೋಬೇಕು. ಸಂಜೆಯೊಳಗೆ ಮಾಡಿ ತೋರಿಸು, ಆಮೇಲೆ ರಜೆ" ಎಂದಿದ್ದ ಮ್ಯಾನೇಜರ್ ರಸೆಲ್. ಹೇಳಿ ಸುಮ್ಮನಾಗಿದ್ದರೆ ಸರಿ. ತನ್ನ ಮಂಡಿ ಆಪರೇಷನ್ನಿನ ಕತೆಯನ್ನೂ ಮೊದಲಿನಿಂದ ಹೇಳಿದ್ದ.

ಕ್ಲೆಮ್ ದಡ್ಡನಲ್ಲ. ಒಂದು ಕಡೆ ಕರೆಂಟು ಹೋದರೂ ಇನ್ನೊಂದು ಕಡೆ ಇರಲಿ ಎಂದು ಎರಡನೇ ಕೇಬಲ್ಲನ್ನು ಟೀ ಕೋಣೆಯ ಕಪಾಟಿನಲ್ಲಿದ್ದ ಬೇರೆಯೇ ನೆಟ್‌ವರ್ಕ್ ಸ್ವಿಚ್ ಡಬ್ಬಿಗೆ ಎಳೆದ. ಪೆಟ್ಟಿಗೆಯಲ್ಲಿ ಎರಡನ್ನೂ ಜೋಡಿ ಮಾಡಿದ. ಮೊದಲನೆಯದನ್ನು ಕಿತ್ತು ತನಗೆ ತಾನೇ ಒಂದು ಮೇಲ್ ಕಳಿಸಿಕೊಂಡ. ಠಣ್ ಎಂದು ಬಂತು. ಹಿಗ್ಗಿಹೋಗಿ ರಸೆಲ್‌ನನ್ನು ಕರೆತಂದು, ಮತ್ತೆ ಕಿತ್ತು ಇನ್ನೊಂದು ಮೇಲ್ ಕಳಿಸಿದ. ಬರಲಿಲ್ಲ. ಅಮ್ಮನೆದುರು ಪಟಪಟ ಪದ್ಯ ಹೇಳುವ ಮಗು ನೆಂಟರು ಬಂದಾಗ ಬಾಯಲ್ಲಿ ಬೆರಳಿಟ್ಟುಕೊಂಡು ನಿಂತಂತಾಯಿತು.

"ಇದೇನಾ ತಾನಾಗೇ ಹಿಡ್ಕೊಳ್ಳೋದು?" ಎಂದ ರಸೆಲ್.

"ಈಗ ತಾನೇ ಬಂದಿತ್ತು."

"ನಮ್ಮ ಡಾಕ್ಟರೂ ಹೀಗೇ ಹೇಳಿದ್ದ. ಆವತ್ತು ಏನಾಯ್ತು ಅಂದ್ರೆ..."

ಕತೆ ಮುಗಿಯುವ ಹೊತ್ತಿಗೆ ಬೆಳಗಿನ ಅರ್ಧ ಹೊತ್ತು ಕಳೆದಿತ್ತು. ಕ್ಲೆಮ್ ಜೋಡಿ ಬಿಚ್ಚಿ ಮತ್ತೆ ಕಟ್ಟಿದ. ಕೇಬಲ್ ಬದಲಿಸಿದ. ಮೇಲ್ ಕಳಿಸಿದ. ಊಹೂಂ. ರಸ್ತೆ ವಿಭಾಗದ ಮರ್ವ್ ಇಣುಕಿ, "ಆರಿಸಿ ಹಾಕಿದ್ಯಾ ಮಾರಾಯ?" ಎಂದು ಕೇಳಿದ. ಅವನು ಹೋದ ಮೇಲೆ ಕ್ಲೆಮ್ ಕದ್ದು ಅದನ್ನೂ ಮಾಡಿದ.

ಸ್ವಾಗತ ಕೌಂಟರಿನ ಗ್ಲೆನಿಸ್ ಬಿಸಿ ಬಿಸಿ ಸಾಸೇಜ್ ರೋಲ್ ಹಿಡಿದು ಬಂದಳು. "ಇವತ್ತು ಲೈಬ್ರರಿಯವಳ ಬೀಳ್ಕೊಡುಗೆ. ಎಲ್ಲರೂ ಒಂದೊಂದು ತಟ್ಟೆ ತಿಂಡಿ ತಂದಿದಾರೆ, ನೀನು ಮಾತ್ರ ವೈರು ಹಿಡ್ಕೊಂಡು ಕೂತಿದೀಯ. ಯಾಕೋ ಮುಖ ಹೀಗೆ?"

"ರಜೆ ಹೋಯ್ತು ಗ್ಲೆನಿಸ್. ರಸೆಲ್ ಬಾಯಿಗೆ ಬೀಗ ಹಾಕೋರಿಲ್ಲ, ನನ್ನ ರಜೆಗೆ ಹಾಕ್ತಾನೆ."

"ಹೊಟ್ಟೇಲಿರೋದನ್ನೆಲ್ಲ ಅವನಿಗೇ ಬರೆದುಬಿಡು. ಹೇಗೂ ಮೇಲ್ ಹೋಗೋದಿಲ್ವಲ್ಲ" ಎಂದು ಅವಳು ಖಾಲಿ ತಟ್ಟೆ ಎತ್ತಿಕೊಂಡು ಹೋದಳು.

ಅದೇನೂ ಕೆಟ್ಟ ಸಲಹೆಯಾಗಿ ಕಾಣಲಿಲ್ಲ. ಕಿತ್ತ ಕೇಬಲ್ಲು ತೊಡೆಯ ಮೇಲೇ ಇತ್ತು. ಅದನ್ನು ಮತ್ತೆ ಚುಚ್ಚುವ ಮೊದಲು ಬರೆದದ್ದನ್ನು ಅಳಿಸಿಬಿಟ್ಟರಾಯಿತು. ಕ್ಲೆಮ್ ಬರೆದ: "ರಸೆಲ್, ಒಂದು ಗಳಿಗೆ ಸುಮ್ಮನೆ ಕೂರೋದು ನಿನ್ನ ಜಾತಕದಲ್ಲೇ ಇಲ್ಲ. ನಿನ್ನ ಜೊತೆ ಇರೋದಕ್ಕಿಂತ ನದಿಯ ಮೊಸಳೆ ಜೊತೆ ಇರೋದು ವಾಸಿ. ಅದು ತೆಗೆದ ಬಾಯನ್ನು ಮುಚ್ಚುತ್ತಾದರೂ ಮುಚ್ಚುತ್ತೆ." ಕಳಿಸುವ ಗುಂಡಿಯನ್ನು ಬೆರಳು ನೋಯುವಂತೆ ಒತ್ತಿದ. ಎದೆ ಹಗುರವಾಯಿತು.

ಠಣ್ ಎಂದಿತು. ಠಣ್ ಠಣ್ ಠಣ್. ಬೆಳಗ್ಗಿನಿಂದ ತನಗೆ ತಾನೇ ಕಳಿಸಿಕೊಂಡ ಮೇಲ್‌ಗಳೆಲ್ಲ ಸಾಲಾಗಿ ಬಂದು ಬಿದ್ದವು. ಹಾಗಾದರೆ ರಸೆಲ್‌ಗೆ ಬರೆದದ್ದೂ ಹೋಗಿಬಿಟ್ಟಿದೆ.

ಗ್ಲೆನಿಸ್ ಬಾಗಿಲಲ್ಲಿ ನಿಂತಿದ್ದಳು. "ಆ ರೋಲ್‌ಗಳನ್ನ ಬಿಸಿ ಮಾಡೋಕೆ ಪ್ಲಗ್ ಬೇಕಾಗಿತ್ತು ಕಣೋ, ಟೀ ಕೋಣೆ ಕಪಾಟಿನ ಡಬ್ಬಿಯಿಂದ ಬಂದಿದ್ದ ವೈರು ಕಿತ್ತಿದ್ದೆ. ಟೀ ಮುಗೀತಲ್ಲ, ಇದ್ದ ಹಾಗೇ ಹಾಕಿಬಿಟ್ಟೆ. ನಿಂದೇನೂ ಅಲ್ಲ ತಾನೇ?"

ಅವಳ ಹಿಂದೆಯೇ ರಸೆಲ್ ಬಂದ. ಕ್ಲೆಮ್‌ನ ತೊಡೆಯ ಮೇಲಿದ್ದ ಕೇಬಲ್ಲನ್ನು ಎತ್ತಿ ನೋಡಿದ.

"ಇದು ಕಿತ್ತಿದೆ. ಆದರೂ ನಿನ್ನ ಮೇಲ್ ನನಗೆ ಬಂತು" ಎಂದ. "ಅಂದ್ರೆ ಕೆಲಸ ಆಗಿದೆ. ಕೊಟ್ಟ ಮಾತಿಗೆ ತಪ್ಪೋನಲ್ಲ ನಾನು. ರಜೆ ನಿಂದು."

"ರಸೆಲ್, ಅದರಲ್ಲಿ ಬರೆದಿದ್ದು..."

"ನಿಜಾನೇ ಬರೆದಿದೀಯ. ನನ್ನ ಹೆಂಡತೀನೂ ಇದನ್ನೇ ಹೇಳಿ ಹೇಳಿ ಸೋತಳು. ಮುಖದ ಮೇಲೆ ಹೇಳೋ ಸ್ನೇಹಿತ ನೀನೊಬ್ಬನೇ." ರಸೆಲ್‌ನ ಕಣ್ಣು ಒದ್ದೆಯಾಗಿತ್ತು. "ಸುಮ್ಮನೆ ಕೂರೋದು ಹೇಗೆ ಅಂತ ನೀನೇ ಕಲಿಸ್ಬೇಕು. ಬೆಳಗ್ಗೆ ನಿನ್ನ ದೋಣಿ ಹತ್ರ ಬಂದಿರ್ತೀನಿ, ಬಿಯರ್ ನಂದು. ಮೂರು ದಿನ ಸಾಕಾಗುತ್ತೆ ಅಲ್ವಾ?"

ಕ್ಲೆಮ್ ಬಾಯಿ ತೆರೆದ. ಅಷ್ಟರಲ್ಲಿ ರಸೆಲ್ ಕುರ್ಚಿ ಎಳೆದುಕೊಂಡು, ತಾನು ಚಿಕ್ಕವನಿದ್ದಾಗ ಮೊದಲ ಮೀನು ಹಿಡಿದ ಕತೆ ಶುರುಮಾಡಿದ್ದ.