ಸರಾಸರಿಯ ಮೇಲೆ ವೈನಿಯ ಸಿಟ್ಟು

ನಮ್ಮಣ್ಣನ ಹೆಂಡತಿ, ಅಂದರೆ ನಮ್ಮ ವೈನಿ, ಯಾವಾಗಲೂ ನೆಲ ನೋಡಿಕೊಂಡೇ ನಡೆಯುತ್ತಾರೆ. ನಾಚಿಕೆ ಅಂದುಕೊಂಡಿರಾ? ಛೇ! ಮದುವೆಯ ದಿನ ನಮ್ಮವ್ವನೂ ಹಾಗೇ ಮೋಸ ಹೋಗಿದ್ದಳು. "ಎಂಥಾ ತಲಿ ತಗ್ಗಿಸಿ ನಡಿಯೂ ಹುಡುಗಿ ಸಿಕ್ಕಾಳ ನೋಡ್ರಿ!" ಎಂದು ಬೀಗಿದ್ದಳು. ವೈನಿ ನೋಡುತ್ತಿದ್ದುದು ಹಂದರದ ನೆರಳಿನ ಮಣ್ಣು ಎಷ್ಟು ತಂಪು, ಆಚೆಯ ಡಾಂಬರು ಎಷ್ಟು ಕಾದಿದೆ ಎಂದು!

ಅವರ ಕೆಲಸವೇ ಅದಾಗಿತ್ತು. ಮಳೆ ಬಿಸಿಲಿನ ಮುನ್ಸೂಚನೆ ಹೇಳುವ ಕಂಪ್ಯೂಟರು ಭೂಮಿಯನ್ನು ದೊಡ್ಡ ದೊಡ್ಡ ಚೌಕಗಳಾಗಿ ಕತ್ತರಿಸಿಕೊಳ್ಳುತ್ತದಂತೆ. ಒಂದೇ ಚೌಕದಲ್ಲಿ ಬೆಟಗೇರಿಯ ನೇಕಾರರ ತಗಡಿನ ಮನೆಗಳು, ಎರೆಹೊಲ, ಕೆರೆ, ರಸ್ತೆ. ಒಂದೊಂದೂ ಗಾಳಿಗೆ ಕೊಡುವ ಕಾವು ಬೇರೆ. ಕಂಪ್ಯೂಟರು ಮಾತ್ರ ಎಲ್ಲವನ್ನೂ ಕಲಸಿ, ಎಲ್ಲೂ ಇಲ್ಲದ ಒಂದು ಸರಾಸರಿ ನೆಲ ಮಾಡಿಬಿಡುತ್ತದೆ. ವೈನಿಯ ಜಗಳ ಅದರೊಂದಿಗೆ. ತುಂಡು ತುಂಡಾಗಿ ಲೆಕ್ಕ ಹಾಕು, ಆಮೇಲೆ ಅವುಗಳ ಪಾಲಿನಷ್ಟು ಕೂಡಿಸು ಎನ್ನುತ್ತಿದ್ದರು.

"ಕಡೀಕ ಕೂಡಿಸೂದ ಐತಿ ಅಂದ್ರ ಮೊದಲ ಕಲಸಿದ್ರ ಏನಾತ್ರಿ ವೈನಿ?" ಎಂದು ಒಮ್ಮೆ ಕೇಳಿದೆ. ಗದಗಿನ ಬಸ್ ಸ್ಟ್ಯಾಂಡಿನ ಹತ್ತಿರ ಮಿರ್ಚಿ ಭಜಿ ತಿನ್ನುತ್ತಿದ್ದೆವು. ನನ್ನ ಮಿರ್ಚಿ ಸಪ್ಪೆ, ಅಣ್ಣನದು ಬೆಂಕಿ. ಅವನು ಕಣ್ಣು ಮೂಗು ಸುರಿಸುತ್ತ ನೀರಿಗೆ ಪರದಾಡುತ್ತಿದ್ದ.

"ಸರಾಸರಿ ತಗದ್ರ ಇಬ್ಬರದೂ ನಡುವಿನ ಖಾರ," ಎಂದರು ವೈನಿ. "ಹೇಳು ಹಂಗಂತ ನಿಮ್ಮಣ್ಣಗ!"

ಎಷ್ಟು ನಕ್ಕಿದ್ದೆವು! ಅಣ್ಣ ಈಗ ಇಲ್ಲ.

ರಜೆ ಬಂದರೆ ಅವನೇ ವೈನಿಯ ಸಾರಥಿ. ಬೈಕಿನ ಹಿಂದೆ ಹೆಂಡತಿ, ಹೆಂಡತಿಯ ಕೈಯಲ್ಲಿ ಉಷ್ಣತೆ ಅಳೆಯುವ ಪಿಸ್ತೂಲಿನಂಥ ಯಂತ್ರ. ಲಕ್ಷ್ಮೇಶ್ವರದಲ್ಲಿ ಒಂದು ತಗಡಿನ ಮಾಡಿಗೆ ವೈನಿ ಅದನ್ನು ಗುರಿಯಿಟ್ಟಾಗ ಒಳಗಿನಿಂದ ಮುದುಕಿಯೊಬ್ಬಳು ಬಂದು, "ಯವ್ವಾ, ನಂದೂ ಜ್ವರಾ ನೋಡ" ಎಂದಳು.

"ಇಕಿ ಮಂದೀ ಡಾಕ್ಟರ್ ಅಲ್ಲಬೇ, ನಿನ್ನ ತಗಡಿನ ಜ್ವರಾ ನೋಡಾಕ ಬಂದಾಳ," ಎಂದ ಅಣ್ಣ.

ಮುದುಕಿ ಮಾಡು ನೋಡಿ ತಲೆಯಾಡಿಸಿದಳು. "ಖರೆ ಐತಿ ತಮ್ಮಾ, ಅದಕ್ಕ ನನಕಿಂತ ಜಾಸ್ತಿ ಐತಿ!"

ಕಳೆದ ಬೇಸಿಗೆಯಲ್ಲಿ ಮುಂಡರಗಿಯ ಹೊಲವೊಂದರಲ್ಲಿ ವೈನಿಗೆ ಗಾಳಿಯ ಕಾವು ಅಳೆಯುವ ಯಂತ್ರದ ಕಂಬ ನಿಲ್ಲಿಸಿಕೊಟ್ಟು ಮನೆಗೆ ಬಂದ ಅಣ್ಣ, ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ. ಹೃದಯದ ಹಳೆಯ ತೊಂದರೆ ಎಂದರು ಡಾಕ್ಟರು. ಅವ್ವ ನಂಬಲಿಲ್ಲ. "ನಿನ್ನ ಬಿಸಲು ನನ್ನ ಮಗನ್ನ ತಿಂತು" ಎಂದಳು. ಅದೇ ಕೊನೆ, ಸೊಸೆಯ ಜೊತೆ ಮಾತು ಬಿಟ್ಟಳು. ವೈನಿ ಕೆಲಸ ಬಿಟ್ಟರು.

ಆಮೇಲೆ ನಮ್ಮ ಮನೆಯ ಅಂಚೆಯವನು ನಾನೇ! ಎದುರಿಗೇ ಕುಳಿತ ವೈನಿಯನ್ನು ಬಿಟ್ಟು ಅವ್ವ ನನಗೆ ಹೇಳುವಳು, "ಅಕೀಗೆ ಉಣ್ಣಾಕ ಹೇಳು." ನಾನು ತಿರುಗಿ, "ಉಣ್ಬೇಕಂತ್ರಿ" ಎನ್ನುವೆ. "ಹಸಿವಿಲ್ಲಂತ ಹೇಳು" ಎಂಬ ಉತ್ತರ ಹೊತ್ತು ಮತ್ತೆ ತಿರುಗುವೆ. ಯಾರಿಗೂ ನಗು ಬರುತ್ತಿರಲಿಲ್ಲ. ಅಣ್ಣನ ವರ್ಷದ ತಿಥಿ ಮುಗಿದ ಕೂಡಲೇ ಹುಲಕೋಟಿಯ ತವರಿಗೆ ಹೋಗಿಬಿಡುತ್ತೇನೆ ಎಂದು ವೈನಿ ನನಗೆ ಹೇಳಿದ್ದರು. ಮತ್ತೆ ಬರುವ ಮಾತು ಅದರಲ್ಲಿ ಇರಲಿಲ್ಲ. ಆ ಸುದ್ದಿಯನ್ನೂ ಅವ್ವನಿಗೆ ನಾನೇ ಮುಟ್ಟಿಸಿದ್ದೆ.

ವರ್ಷದ ದಿನ ಊಟ ಮುಗಿಸಿದ ಸೋದರಮಾವ ಅಡಿಕೆ ಅಗಿಯುತ್ತ ಹೇಳಿದ, "ಆತು ಬಿಡ್ರಿ, ಈಗ ಮನ್ಯಾಗ ಎಲ್ಲಾರ ದುಃಖಾನೂ ಒಂದ ಹದಕ್ಕ ಬಂದೈತಿ."

ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ ವೈನಿ ಸಿಡಿದರು.

"ಎಲ್ಲಾರನ್ನೂ ಕೂಡಿಸಿ ಕಲಸಬ್ಯಾಡ್ರಿ ಮಾಮಾ! ಆ ಮೂಲ್ಯಾಗ ನಮ್ಮತ್ತಿ ಕುಂತಾರ. ಅವರ ದುಃಖ ಬ್ಯಾರೆ ಲೆಕ್ಕ. ಅದಕ್ಕ ಹದಾ ಅನ್ನಬ್ಯಾಡ್ರಿ."

ಅವ್ವ ಮೆಲ್ಲಗೆ ತಲೆಯೆತ್ತಿದಳು. ನನ್ನ ಕಡೆಗಲ್ಲ, ನೇರ ವೈನಿಯ ಕಡೆ ನೋಡಿದಳು.

"ಮತ್ತ ನಿಂದು?"

ವೈನಿ ಮತ್ತೆ ನೆಲ ನೋಡಿದರು. ಅವ್ವ ಚಾಪೆಯ ಮೇಲೆ ಸರಿದು ಜಾಗ ಮಾಡಿದಳು.

"ಬಾ ಇಲ್ಲೆ, ಕುಂಡ್ರು. ಹುಲಕೋಟಿಗೆ ಹೋಗಬ್ಯಾಡ. ಇಷ್ಟ ದಿನಾ ನಾ ಕೇಳಲೇ ಇಲ್ಲಲ್ಲ, ನನ್ನವ್ವಾ."