ಇಟ್ಟಿಗೆ ಆಟಕ್ಕೊಂದು ರಜೆ

ಸಿಟ್ಟು ಮಾಡುವುದಕ್ಕೂ ಅಭ್ಯಾಸ ಬೇಕು. ನಾನು ಓದಿದ್ದು ಧಾರವಾಡದ ಕಾನ್ವೆಂಟಿನಲ್ಲಿ. ಬಾಗಿಲನ್ನು ಸದ್ದಾಗದಂತೆ ಮುಚ್ಚುವುದನ್ನು ಅಲ್ಲಿಯ ಸಿಸ್ಟರುಗಳು ಒಂದು ಪಾಠದಂತೆಯೇ ಕಲಿಸಿದ್ದರು. ಹೀಗಾಗಿ ಮದುವೆಯಾಗಿ ಬೈಲಹೊಂಗಲಕ್ಕೆ ಬಂದ ಮೇಲೆ ನನ್ನ ಸಿಟ್ಟು ಯಾರಿಗೂ ಕೇಳಿಸಲೇ ಇಲ್ಲ. ಪಕ್ಕದ ಮನೆಯಾಕೆ ಬೋಗುಣಿ ಕುಕ್ಕಿದರೆ ಇಡೀ ಓಣಿಗೆ ಗೊತ್ತಾಗುತ್ತದೆ. ನಾನು ಸಿಟ್ಟಿನಿಂದ ಇಟ್ಟ ಬೋಗುಣಿ ಹೂವಿನಂತೆ ಕೂರುತ್ತದೆ.

ಅಂಥ ನನಗೆ ತೊಂಬತ್ತರ ದಶಕದ ಕೊನೆಯಲ್ಲಿ ಸಿಕ್ಕಿದ್ದು ಸೆಲ್ ಹಾಕಿ ಆಡುವ, ಅಂಗೈಯಗಲದ ಇಟ್ಟಿಗೆ ಆಟ. ಎಲ್ಲಮ್ಮನ ಗುಡ್ಡದಿಂದ ಬರುವಾಗ ಉಗರಗೋಳದ ಅಂಗಡಿಯೊಂದರಲ್ಲಿ ಬಳೆ, ಭಂಡಾರದ ಅರಿಶಿನ ಪೊಟ್ಟಣಗಳ ನಡುವೆ ತೂಗುಬಿಟ್ಟಿದ್ದರು. ಪುಟ್ಟ ಪರದೆಯಲ್ಲಿ ಮೇಲಿನಿಂದ ಇಟ್ಟಿಗೆಗಳು ಬೀಳುತ್ತವೆ. ತಿರುಗಿಸಿ ಸಂದಿಯಿಲ್ಲದಂತೆ ಕೂಡಿಸಿದರೆ ಆ ಸಾಲು ಮಾಯ. ಮಗಳಿಗೆಂದು ತಂದದ್ದು. ಅವಳಿಗೆ ಬೇಗ ಬೇಸರ ಬಂತು, ನನಗೆ ಬರಲಿಲ್ಲ. ಮಧ್ಯಾಹ್ನ ಅತ್ತೆಯವರು ಅಡ್ಡಾದ ಮೇಲೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಆಡುತ್ತಿದ್ದೆ. ಕ್ರಮೇಣ ಅದು ತಲೆಯೊಳಗೇ ಇಳಿಯಿತು. ಬುಟ್ಟಿಯಲ್ಲಿ ಮುರಿದ ಕಟಕ ರೊಟ್ಟಿ ಕಂಡರೆ ಆ ಸಂದಿಗೆ ಯಾವ ತುಂಡು ಕೂರುತ್ತದೆಂದು ಹುಡುಕುತ್ತಿದ್ದೆ. ಸವದತ್ತಿ ಬಸ್ಸಿನಲ್ಲಿ ಮೂವರ ಸೀಟನ್ನು ಇಬ್ಬರೇ ತುಂಬಿಕೊಂಡು ಕೂತರೆ, ಒಬ್ಬರನ್ನು ಚೂರು ತಿರುಗಿಸಬೇಕೆನಿಸುತ್ತಿತ್ತು.

ಆಟದ ಮೂಲೆಯಲ್ಲಿ ಅತಿ ಹೆಚ್ಚಿನ ಅಂಕ ನಿಂತಿರುತ್ತದೆ. ಅದು ನನ್ನದು. ನಾನು ಬಡಿದ ರೊಟ್ಟಿ ಸಂಜೆಗೆ ಮುಗಿಯುತ್ತದೆ, ಒಗೆದ ಅಂಗಿ ಮರುದಿನ ಮತ್ತೆ ಬಚ್ಚಲಿಗೆ ಬರುತ್ತದೆ. ಆ ಮನೆಯಲ್ಲಿ ನಾನು ಮಾಡಿದ್ದು ಮಾಡಿದಂತೆಯೇ ಉಳಿದದ್ದು ಆ ಅಂಕವೊಂದೇ.

ಮಹಾನವಮಿಯ ಖಂಡೇಪೂಜೆ ಬಂತು. ದುಡಿಯುವ ಹತಾರಗಳನ್ನೆಲ್ಲ ಒರೆಸಿ, ಪೂಜಿಸಿ, ಅಂದು ಮುಟ್ಟದೆ ವಿಶ್ರಾಂತಿ ಕೊಡುವುದು ಪದ್ಧತಿ. ನಮ್ಮ ಯಜಮಾನರ ಅಡತಿ ಅಂಗಡಿಯ ತಕ್ಕಡಿ, ಸ್ಕೂಟರು, ಹೊಲಿಗೆ ಯಂತ್ರ ಎಲ್ಲಕ್ಕೂ ಚೆಂಡು ಹೂವು. ದೇವರ ಜಗಲಿಯ ಮೇಲೆ ನೋಡುತ್ತೇನೆ, ನನ್ನ ಆಟಕ್ಕೂ ಮೂರೆಳೆ ವಿಭೂತಿ! ಪಕ್ಕದಲ್ಲಿ ಅದರ ಸೆಲ್ಲುಗಳು, ಒಂದೊಂದಕ್ಕೂ ಕುಂಕುಮ.

“ಒದ್ದಿ ಅರಿವಿಲೆ ಒರಸೂ ಮುಂದ ಶಾಕ್ ಹೊಡದೀತಂತ ಸೆಲ್ ತಗದೆ,” ಎಂದರು ಅತ್ತೆಯವರು, ಪ್ರೀತಿಯಿಂದಲೇ. “ದಿನಾ ಕೈಯಾಗ ಹಿಡೀತಿಯಲ್ಲವಾ, ನಿಂದೂ ಒಂದ ಹತಾರ ಇರಲಿ ಅಂತ ಇಟ್ಟೇನಿ.”

ಸೆಲ್ ತೆಗೆದರೆ ಆ ಯಂತ್ರ ಎಲ್ಲವನ್ನೂ ಮರೆಯುತ್ತದೆ. ನನ್ನ ಅಂಕ ಸೊನ್ನೆ. ಪ್ರೀತಿಯಿಂದ ಮಾಡಿದ್ದಕ್ಕೆ ಜಗಳವಾಡುವುದಾದರೂ ಹೇಗೆ? ಹೂರಣ ರುಬ್ಬುತ್ತ ಕುದಿಯುತ್ತಿದ್ದೆ. ಅಷ್ಟರಲ್ಲಿ ಯಜಮಾನರು ಬಂದು ಹೋಳಿಗೆ ಆಯಿತೇ ಎಂದು ಕೇಳಿದರು. ತಡೆಯಲಾಗಲಿಲ್ಲ.

“ತಕ್ಕಡಿಗೆ ರಜಾ, ಸ್ಕೂಟರಿಗೆ ರಜಾ. ಒಲಿ ಮ್ಯಾಲಿನ ಈ ಹಂಚಿಗ್ಯಾಕ ಇಲ್ರಿ?”

“ಹಂಚಿಗೆ ರಜಾ ಕೊಟ್ರ ಹೋಳಿಗಿ ಎಲ್ಲಿಂದ ಬರ್ತಾವ?” ಎಂದರು. ಚೇಷ್ಟೆಯಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದು. ನನಗೆ ಉರಿದದ್ದು ಅದಕ್ಕೇ. ಆಟಕ್ಕೆ ಸಿಕ್ಕ ರಜೆ ಆಡುವವಳಿಗಿಲ್ಲ.

ಒಂದು ವರ್ಷ ಆ ಸಿಟ್ಟನ್ನು ಉಪ್ಪಿನಕಾಯಿಯಂತೆ ಕಾಪಾಡಿದೆ. ಮರುವರ್ಷ ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಹಂಚು, ಲಟ್ಟಣಿಗೆಗಳನ್ನು ತೊಳೆದು, ಜಗಲಿಯ ಮೇಲಿಟ್ಟು ಹೂವೇರಿಸಿದೆ. ಅಂದು ಅವನ್ನು ಯಾರೂ ಮುಟ್ಟುವಂತಿಲ್ಲವೆಂದು ಮೆಲ್ಲಗೇ ಸಾರಿದೆ. ಆಟವನ್ನು ಮಾತ್ರ ಪೂಜೆಗೆ ಇಡದೆ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದೆ.

ಅತ್ತೆಯವರು ಬಂದು ನೋಡಿದರು. ಹಂಚಿಗೆ ಭಕ್ತಿಯಿಂದ ಕೈಮುಗಿದರು. ಆಮೇಲೆ ಅಟ್ಟದಿಂದ ತಮ್ಮ ಕಾಲದ ಹಂಚೊಂದನ್ನು ಇಳಿಸಿಕೊಟ್ಟರು.

“ಇದರ ಪೂಜಿ ಆಗಿಲ್ಲ. ಇದನ್ನ ಮುಟ್ಟಬಹುದು.”

ಲಟ್ಟಣಿಗೆಯಿಲ್ಲದೆ ಕೈಯಿಂದಲೇ ತಟ್ಟಿದೆ, ಸಿಟ್ಟಿದ್ದಷ್ಟೂ ತಟ್ಟಿದೆ. ಈ ಸಲ ಹೋಳಿಗೆ ಭಾಳ ಮೆತ್ತಗಾಗಿವೆ ಎಂದು ಯಜಮಾನರು ಇನ್ನೊಂದು ಹಾಕಿಸಿಕೊಂಡರು. ಜಗಲಿಯ ಮೇಲೆ ನನ್ನ ಹಂಚು ಹೂ ಮುಡಿದು ತಣ್ಣಗೆ ಕುಳಿತಿತ್ತು. ಲೆಕ್ಕ ತಪ್ಪಿದ್ದು ನನ್ನದೇ. ಬೀಳುವ ಇಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ಸರಿಯಾದ ಜಾಗ ಹುಡುಕುವುದರಲ್ಲಿ ಅಷ್ಟು ಪಳಗಿದ ನನಗೆ, ಆ ಜಗಲಿಯ ಮೇಲೆ ಹಂಚಿನ ಬದಲು ನಾನೇ ಹೋಗಿ ಕೂರಬೇಕಿತ್ತೆಂದು ಹೊಳೆಯಲೇ ಇಲ್ಲ.