ಮೂವತ್ತು ದಿನದ ಮನುಷ್ಯ

ಜನವರಿ ಒಂದರಂದು ಇಡೀ ವರ್ಷಕ್ಕಾಗುವಷ್ಟು ಒಳ್ಳೆಯವರಾಗುವ ನಿಶ್ಚಯ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಮೊದಲು ನಾನೂ ಅವರಲ್ಲಿ ಒಬ್ಬನಾಗಿದ್ದೆ ಎಂಬುದೇ ಇದಕ್ಕೆ ಕಾರಣವಿರಬಹುದು. ಮುನ್ನೂರ ಅರವತ್ತೈದು ದಿನ ಎಂದರೆ ಸಾಮಾನ್ಯವೇ? ಅಷ್ಟರಲ್ಲಿ ಸರ್ಕಾರ ಬದಲಾಗುತ್ತದೆ, ಸೊಸೆಯಂದಿರು ಅತ್ತೆಯರಾಗುತ್ತಾರೆ. ನಮ್ಮ ಹೈದರಾಬಾದಿನಲ್ಲಂತೂ ಈ ಕಥೆ ನಡೆದ ದಿನಗಳಲ್ಲಿ ಸಂಕ್ರಾಂತಿಗೆ ಕಂಡ ಬಂಡೆಗುಡ್ಡ ದೀಪಾವಳಿಯ ಹೊತ್ತಿಗೆ ಮಾಯವಾಗಿ ಅಲ್ಲೊಂದು ಗಾಜಿನ ಸಾಫ್ಟ್‌ವೇರ್ ಕಟ್ಟಡ ಎದ್ದಿರುತ್ತಿತ್ತು. ಬಂಡೆಯೇ ವರ್ಷಪೂರ್ತಿ ಬಂಡೆಯಾಗಿ ಉಳಿಯದ ಊರಿನಲ್ಲಿ ನಾನೊಬ್ಬ ಮಾತ್ರ ಡಿಸೆಂಬರಿನ ತನಕ ಒಂದೇ ಮಾತಿಗೆ ಅಂಟಿಕೊಂಡಿರಬೇಕು ಎನ್ನುವುದು ಯಾವ ನ್ಯಾಯ?

ಇದನ್ನು ನಾನು ಸುಮ್ಮನೆ ಸೋಮಾರಿತನಕ್ಕೆ ಹೇಳುತ್ತಿಲ್ಲ. ಇದು ನನ್ನ ವೃತ್ತಿ ಕಲಿಸಿದ ಪಾಠ. ಬಾಲಾನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಟರ್. ಪೊಲೀಸ್ ಇನ್‌ಸ್ಪೆಕ್ಟರ್ ಅಲ್ಲ. ತಿರುಗಣಿ ಯಂತ್ರದಿಂದ ಬಂದ ಕಬ್ಬಿಣದ ಬಿಡಿಭಾಗಗಳು ಅಳತೆಗೆ ಸರಿ ಇವೆಯೇ ಎಂದು ನೋಡಿ ಹಸಿರು ಬಣ್ಣವನ್ನೋ ಕೆಂಪು ಬಣ್ಣವನ್ನೋ ಹಚ್ಚುವವನು. ಅಲ್ಲಿ ಯಾರೂ ಒಂದು ವರ್ಷದ ಮಾಲನ್ನು ಒಟ್ಟಿಗೆ ತಯಾರಿಸಿ ಡಿಸೆಂಬರ್ ಮೂವತ್ತೊಂದಕ್ಕೆ ಅಳತೆ ನೋಡುವುದಿಲ್ಲ. ಸ್ವಲ್ಪ ಸ್ವಲ್ಪವೇ ತಯಾರಿಸಿ, ಸ್ವಲ್ಪ ಸ್ವಲ್ಪವೇ ನೋಡುತ್ತಾರೆ. ಕಬ್ಬಿಣಕ್ಕೇ ಇಷ್ಟು ರಿಯಾಯಿತಿ ಇರುವಾಗ ಮನುಷ್ಯನಿಗೆ ಏಕಿಲ್ಲ ಎಂದು ನಾನು ಎಷ್ಟೋ ಸಲ ಹೆಂಡತಿ ಗಿರಿಜೆಯನ್ನು ಕೇಳಿದ್ದೇನೆ. ಅವಳು ಹುರುಳಿಲ್ಲದ ಮಾತಿಗೆ ಉತ್ತರ ಕೊಡುವವಳಲ್ಲ.

ನನ್ನ ವಾರ್ಷಿಕ ನಿಶ್ಚಯಗಳ ಅವಶೇಷಗಳು ಈಗಲೂ ನಮ್ಮ ಮನೆಯಲ್ಲಿವೆ. ಬೀದರಿನಿಂದ ಬಂದು ಇಪ್ಪತ್ತು ವರ್ಷವಾದರೂ ತೆಲುಗು ಓದಲು ಬಾರದೆಂದು ನಾಚಿ ತಂದ ಅಕ್ಷರಮಾಲೆ ಪುಸ್ತಕ, ಅದರ ನಾಲ್ಕನೆಯ ಪುಟದಲ್ಲಿ ಇಟ್ಟ ಬಸ್ ಟಿಕೆಟ್ ಇನ್ನೂ ಅಲ್ಲೇ ಇದೆ. ಜನವರಿ ಒಂಬತ್ತರವರೆಗೆ ಬರೆದ ಡೈರಿಗಳು ಮೂರು. ನಾಂಪಲ್ಲಿಯ ಎಕ್ಸಿಬಿಷನ್ನಿನಲ್ಲಿ, ಹೊಟ್ಟೆ ಕರಗುತ್ತದೆಂದು ಮೈಕಿನಲ್ಲಿ ಕೂಗುತ್ತಿದ್ದವನ ಮಾತು ನಂಬಿ ಹೊತ್ತು ತಂದ ವ್ಯಾಯಾಮದ ಯಂತ್ರ. ಅದರ ಮೇಲೆ ನನ್ನ ಅಂಗಿಗಳು ಚೆನ್ನಾಗಿ ಒಣಗುತ್ತವೆ. ಆ ಎಕ್ಸಿಬಿಷನ್ ಪ್ರತಿ ವರ್ಷ ಜನವರಿಯಲ್ಲಿ ಶುರುವಾಗಿ ಫೆಬ್ರುವರಿಯಲ್ಲಿ ಮುಗಿಯುತ್ತದೆ. "ನಿಮ್ಮ ನಿಶ್ಚಯ ಆ ಜಾತ್ರಿ ಮುಗಿಯೂತನಕನೂ ಇರೂದಿಲ್ಲ ನೋಡ್ರಿ" ಎಂದು ಗಿರಿಜೆ ಮೊದಮೊದಲು ನಗುತ್ತಿದ್ದಳು. ನಗುತ್ತಿದ್ದಷ್ಟು ಕಾಲ ನನಗೆ ಏನೂ ಅನ್ನಿಸಲಿಲ್ಲ.

ಆದರೆ ಒಂದು ಜನವರಿ ಒಂದರಂದು ಅವಳು ನಗಲಿಲ್ಲ. ಅದಕ್ಕೆ ಸ್ವಲ್ಪ ಮೊದಲು ಕಾರ್ಖಾನೆಯ ಡಾಕ್ಟರು ನನ್ನ ಸಕ್ಕರೆ ಗಡಿಯ ಮೇಲೆ ನಿಂತಿದೆ, ದಿನಕ್ಕೆ ಏಳೆಂಟು ಕಪ್ ಇರಾನಿ ಚಹಾ ಕುಡಿಯುವುದನ್ನು ಬಿಡಿ ಎಂದಿದ್ದರು. ಅವತ್ತು ಗಿರಿಜೆ ಹೆದರಿದ್ದಳು. ಅವಳ ತಂದೆಯನ್ನು ಸಕ್ಕರೆ ರೋಗವೇ ತಿಂದು ಹಾಕಿತ್ತು. ಹಾಗಾಗಿ ಹೊಸ ವರ್ಷದ ಬೆಳಿಗ್ಗೆ ನಾನು ಗಂಭೀರವಾಗಿ, "ಈ ವರ್ಷ ಚಹಾ ಮುಟ್ಟುವುದಿಲ್ಲ" ಎಂದೆ. ಅವಳು ಒಳಗೆ ಹೋಗಿ, ದಿನವೂ ತರುವ ಹಾಗೆ ಚಹಾ ತಂದು ನನ್ನ ಮುಂದಿಟ್ಟು ಹೋದಳು. ವ್ಯಂಗ್ಯವಾಗಿಯಲ್ಲ. ನಾನು ಹೇಳಿದ್ದು ಅವಳ ಕಿವಿಗೆ ಬಿದ್ದಿರಲೇ ಇಲ್ಲ. ನನ್ನ ಮಾತು ಅವಳಿಗೆ ಮೇಲಿನ ಫ್ಯಾನಿನ ಸದ್ದಾಗಿಹೋಗಿತ್ತು. ಆ ಚಹಾ ನಾನು ಕುಡಿದೆ, ನಿಜ. ಆದರೆ ಹೇಗಾದರೂ ಮಾಡಿ ಈ ಹೆಂಗಸು ನನ್ನ ಮಾತನ್ನು ಮತ್ತೆ ನಂಬುವ ಹಾಗೆ ಮಾಡಬೇಕು ಎಂಬ ಹಟ ಅವತ್ತು ಹುಟ್ಟಿತು.

ಇದಕ್ಕೆ ತುಪ್ಪ ಸುರಿದವನು ಮೇಲಿನ ಮನೆಯ ಪ್ರಸನ್ನ. ಮೈಸೂರಿನ ಹುಡುಗ, ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಒಳ್ಳೆಯವನೇ. ಆದರೆ ವರ್ಷದ ಗುರಿಗಳನ್ನೆಲ್ಲ ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಅಚ್ಚು ಹಾಕಿಸಿ ಬಾಗಿಲಿಗೆ ಅಂಟಿಸಿಕೊಂಡಿದ್ದ. ನನ್ನ ಚಹಾದ ಕಥೆ ಕೇಳಿ, "ನಿಮಗೂ ಒಂದು ಶೀಟ್ ಮಾಡ್ಕೊಡ್ತೀನಿ ಸಾರ್. ವರ್ಷದ ಕೊನೇಲಿ ನೀವೇ ನಿಮಗೆ ಮಾರ್ಕ್ಸ್ ಹಾಕ್ಕೋಬಹುದು" ಎಂದ. ಜೊತೆಗೆ ತನ್ನ ಕಂಪನಿಯ ಕ್ಯಾಲೆಂಡರನ್ನೂ ತಂದುಕೊಟ್ಟ. ತಿಂಗಳಿಗೊಂದು ಗಾಜಿನ ಕಟ್ಟಡದ ಚಿತ್ರವಿದ್ದ ದಪ್ಪ ಕಾಗದದ ಆ ಕ್ಯಾಲೆಂಡರಿನ ಅಂದಕ್ಕೆ ಮರುಳಾಗಿ, ಪ್ರತಿ ವರ್ಷ ಸುಲ್ತಾನ್ ಬಜಾರಿನಿಂದ ತರುತ್ತಿದ್ದ ಕನ್ನಡ ಕ್ಯಾಲೆಂಡರನ್ನು ಆ ವರ್ಷ ನಾನು ತರಲಿಲ್ಲ. ಹಬ್ಬ, ತಿಥಿ ಯಾವುದೂ ಇಲ್ಲದ ಗೋಡೆ ಎಷ್ಟು ಶುಭ್ರವಾಗಿ ಕಾಣುತ್ತದೆ ಎಂದು ಮೆಚ್ಚಿಕೊಂಡೆ.

"ವರ್ಷದ ಶೀಟು ನಿನಗಿರಲಿ ಮಾರಾಯ. ನಾನು ತಿಂಗಳಿನವನು" ಎಂದು ಅವನಿಗೆ ಹೇಳಿದೆ. ಹೇಳಿದ ಮೇಲೆ ತಿಂಗಳು ಹುಡುಕಲು ಕೂತೆ. ಫೆಬ್ರುವರಿ ಎಲ್ಲಕ್ಕಿಂತ ಒಳ್ಳೆಯ ತಿಂಗಳು, ಆದರೆ ನಾನು ಯೋಚಿಸುವಷ್ಟರಲ್ಲಿ ಮುಗಿದಿತ್ತು. ಯೋಚಿಸುತ್ತ ಯೋಚಿಸುತ್ತ ಮಾವಿನಕಾಯಿ ಬಂದು ಹಣ್ಣಾಗಿ ಹೋಯಿತು. ಜುಲೈಗೆ ಮೂವತ್ತೊಂದು ದಿನ, ಅದರ ಬೆನ್ನಿಗೇ ಆಗಸ್ಟಿಗೂ ಮೂವತ್ತೊಂದು. ಇಂಗ್ಲಿಷರು ಏನೋ ದ್ವೇಷ ಇಟ್ಟುಕೊಂಡೇ ಮಾಡಿದ ಹಾಗಿದೆ. ಆಗ ನನಗೆ ಹೊಳೆದದ್ದು ನಮ್ಮ ತಿಂಗಳು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಪ್ಪತ್ತೊಂಬತ್ತು, ಹೆಚ್ಚೆಂದರೆ ಮೂವತ್ತು ದಿನ. ಹೇಗೂ ಶ್ರಾವಣ ಹತ್ತಿರ ಬಂದಿತ್ತು, ಜನ ಏನೇನನ್ನೋ ಬಿಡುವ ಕಾಲ. ಒಂದು ದಿನದ ಲಾಭ, ಮೇಲೆ ಪುಣ್ಯ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ನನ್ನ ತಾಯಿ ಆಗ ನಮ್ಮ ಜೊತೆಗೇ ಇದ್ದಳು. "ಅವ್ವಾ, ಶ್ರಾವಣ ಯಾವಾಗ ಶುರು?" ಎಂದು ಕೇಳಿದೆ. ಅವ್ವ ತನ್ನ ಟ್ರಂಕಿನಿಂದ ಪಂಚಾಂಗ ತೆಗೆದು, ಕನ್ನಡಕ ಏರಿಸಿ ನೋಡಿ, "ಬರೂ ಐತವಾರದಿಂದ" ಎಂದಳು. ಇನ್ನೂ ಏನೋ ಹೇಳುವವಳಂತೆ ಬಾಯಿ ತೆರೆದು ಮುಚ್ಚಿಕೊಂಡಳು. ನಾನು ಕೇಳಲಿಲ್ಲ. ಕ್ಯಾಲೆಂಡರಿನ ಜೂನ್ ಹಾಳೆಯನ್ನು ಹರಿದು ಅದರ ಬೆನ್ನಿಗೆ ದಪ್ಪ ಅಕ್ಷರದಲ್ಲಿ, "ಶ್ರಾವಣ ಮಾಸ ಪೂರ್ತಿ ಚಹಾ ಕುಡಿಯುವುದಿಲ್ಲ" ಎಂದು ಬರೆದು ಸಹಿ ಮಾಡಿ, ಪ್ರಸನ್ನನಿಂದ ಸಾಕ್ಷಿಯ ಸಹಿಯನ್ನೂ ಹಾಕಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಗಿರಿಜೆ ಅದನ್ನು ಎರಡು ಸಲ ಓದಿದಳು. "ಪೂರ್ತಿ ಅಂತ ಬರ್ದೀರಿ, ವಿಚಾರ ಮಾಡ್ರಿ" ಎಂದಳು. ವಿಚಾರ ಮಾಡಿಯೇ ಬರೆದದ್ದು ಎಂದೆ, ಎದೆ ಮುಂದೆ ಮಾಡಿ.

ಮೊದಲ ವಾರ ತಲೆನೋವು, ಎರಡನೆಯ ವಾರ ಜಗಳ. ಕಾರ್ಖಾನೆಯಲ್ಲಿ ಎರಡು ದಿನ ನಾನು ಕಂಡದ್ದಕ್ಕೆಲ್ಲ ಕೆಂಪು ಬಣ್ಣ ಬಳಿದೆನೆಂದು ಫೋರ್‌ಮನ್ ದೂರು ಕೊಟ್ಟ. ಗೇಟಿನೆದುರಿನ ಇರಾನಿ ಹೋಟೆಲಿನ ಮುದಿ ಮಾಣಿ ನಾಲ್ಕು ದಿನ ನೋಡಿ, ಐದನೆಯ ದಿನ ರಸ್ತೆಗೇ ಬಂದು, "ಕ್ಯಾ ಸಾಬ್, ಹಮ್‌ಸೇ ನಾರಾಜ್ ಹೋಗಯೇ ಕ್ಯಾ?" ಎಂದು, ನನಗೇನೋ ಮುನಿಸೆಂಬಂತೆ, ಕೇಳಿದ. ಶ್ರಾವಣ ಎಂದೆ. "ಅಚ್ಛಾ, ರೋಜಾ" ಎಂದು ತಮ್ಮ ರಂಜಾನ್ ಉಪವಾಸಕ್ಕೆ ಹೋಲಿಸಿ ತಾನೇ ಅರ್ಥ ಮಾಡಿಕೊಂಡು, ಅವತ್ತಿನಿಂದ ನಾನು ಹಾದುಹೋಗುವಾಗ ಕೈಯಲ್ಲಿನ ಕಪ್ಪುಗಳನ್ನು ಬೆನ್ನ ಹಿಂದೆ ಹಿಡಿಯುತ್ತಿದ್ದ. ಮನೆಯಲ್ಲಿ ಆ ಸಲ ನಾಗರಪಂಚಮಿಯ ಉಂಡಿ ಕಟ್ಟಲಿಲ್ಲ. ನನ್ನ ಸಕ್ಕರೆಗೆ ಹೆದರಿ ಗಿರಿಜೆ ಹಬ್ಬವನ್ನೇ ಕೈಬಿಟ್ಟಳೆಂದು ನನಗೆ ಪಾಪವೆನಿಸಿತು. ಕೇಳಿದರೆ ಅವಳಿಗೆ ನೋವಾದೀತೆಂದು ಕೇಳಲಿಲ್ಲ. ನನ್ನ ದೊಡ್ಡತನ ಅಂಥದ್ದು.

ಇಲ್ಲಿ ಓದುಗರಲ್ಲಿ ಮಾತ್ರ ಒಂದು ಮಾತು. ಹದಿನೆಂಟನೆಯ ದಿನ ನಾನು ರೇಷನ್ ಕಾರ್ಡಿನಲ್ಲಿ ಹೆಸರು ತಿದ್ದಿಸಲು ನಾಂಪಲ್ಲಿಯ ಕಚೇರಿಯೊಂದಕ್ಕೆ ಹೋಗಿದ್ದೆ. ಮೂರು ಗಂಟೆ ನಿಂತ ಮೇಲೆ, ತಿದ್ದುವ ಸಾಹೇಬರು ರಜೆಯ ಮೇಲಿದ್ದಾರೆ ಎಂದರು. ಸಿಟ್ಟಿಗೆ ಸುಲ್ತಾನ್ ಬಜಾರಿನ ತನಕ ನಡೆದೆ, ಬನಿಯನ್ ಕೊಂಡೆ, ಮೂಲೆಯಲ್ಲೊಂದು ಇರಾನಿ ಹೋಟೆಲ್ ಕಂಡಿತು. ಮುಂದಿನದನ್ನು ವಿವರಿಸುವುದಿಲ್ಲ. ಒಂದೇ ಕಪ್ಪು. ಬಸಿಗೆ ಸುರಿದುಕೊಂಡು, ಆರಿಸಿಕೊಂಡು. ಒಂದು ತಿಂಗಳಿನ ಮಾತನ್ನೂ ಉಳಿಸಿಕೊಳ್ಳಲಾಗದವನು ಎಂದು ಬಸ್ಸಿನಲ್ಲಿ ಉದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ಅವತ್ತು ಸಂಜೆ ಗಿರಿಜೆ ಗೋಡೆಯ ಹಾಳೆಯ ಮೇಲೆ ದಿನದಂತೆ, ಚಹಾ ಇಲ್ಲದ ದಿನಕ್ಕೊಂದು, ಗೀಟು ಎಳೆಯುವಾಗ ನಾನು ಹಿತ್ತಲಿಗೆ ಹೋಗಿ ನಿಂತಿದ್ದೆ.

ಅಂತೂ ಅಮಾವಾಸ್ಯೆ ಬಂತು, ಹೋಯಿತು. ಮರುದಿನ ಬೆಳಿಗ್ಗೆ ನಾನು ಸ್ನಾನ ಮಾಡಿ, ಕಪ್ಪು-ಬಸಿ ತೊಳೆದಿಟ್ಟುಕೊಂಡು, ಪ್ರಸನ್ನನನ್ನೂ ಕರೆಸಿ ಗೆದ್ದವನ ಗತ್ತಿನಲ್ಲಿ ಕುಳಿತು, "ಶ್ರಾವಣ ಮುಗೀತು. ಚಹಾ ತಾ" ಎಂದೆ. ಗಿರಿಜೆ ಅವ್ವನ ಮುಖ ನೋಡಿದಳು. ಅವ್ವ ಬತ್ತಿ ಹೊಸೆಯುವುದನ್ನು ನಿಲ್ಲಿಸದೆ, "ಮುಗಿದದ್ದು ಅಧಿಕ ಮಾಸನೋ ತಮ್ಮಾ. ಈ ವರ್ಷ ಎರಡು ಶ್ರಾವಣ ಬಂದಾವ. ನಿಜ ಶ್ರಾವಣ ಇವತ್ತಿಂದ ಶುರು" ಎಂದಳು.

ನಾನು ಪಂಚಾಂಗವನ್ನೇ ಕಸಿದು ನೋಡಿದೆ. ಇತ್ತು. ಮೂರು ವರ್ಷಕ್ಕೊಮ್ಮೆ ಬರುವ ಹೆಚ್ಚುವರಿ ತಿಂಗಳು, ನಾನು ಆರಿಸಿಕೊಂಡ ತಿಂಗಳಿನ ತಲೆಯ ಮೇಲೆಯೇ ಬಂದು ಕೂತಿತ್ತು. ಪಂಚಮಿಯೂ ಉಂಡಿಯೂ ಇನ್ನು ಮುಂದೆ. "ಮೊದಲೇ ಯಾಕೆ ಹೇಳಲಿಲ್ಲ?" ಎಂದೆ. "ನೀ ಯಾವಾಗ ಶುರು ಅಂತ ಕೇಳಿದಿ, ಹೇಳಿದೆ. ಯಾವಾಗ ಮುಗಿತದ ಅಂತ ಕೇಳಿದೇನು?" ಎಂದಳು ಅವ್ವ. ಪ್ರಸನ್ನ ಕೆಮ್ಮಿದ. ಅವನಿಗೂ ಗೊತ್ತಿತ್ತು. ಅಧಿಕ ಮಾಸದಲ್ಲಿ ಅಳಿಯನಿಗೆ ಮೂವತ್ತಮೂರು ಅನಾರಸ, ಅಂದರೆ ಬೆಲ್ಲದ ಕಜ್ಜಾಯ, ಕೊಡುವುದು ನಮ್ಮ ಕಡೆಯ ಪದ್ಧತಿ. ಗುಲ್ಬರ್ಗದಿಂದ ನನ್ನ ಅತ್ತೆ ಡಬ್ಬಿ ತುಂಬ ಕಳಿಸಿದ್ದರಂತೆ. ಅಳಿಯನಿಗೆ ಸಕ್ಕರೆ ಎಂದು ಗಿರಿಜೆ ಅದನ್ನು ಮಹಡಿಗೆ ಸಾಗಿಸಿದ್ದಳು. ನನ್ನ ಪಾಲಿನ ಮರ್ಯಾದೆಯನ್ನು ಮೈಸೂರಿನವನು ಹತ್ತು ದಿನ ತಿಂಡಿಗೆ ತಿಂದಿದ್ದ. "ತುಂಬಾ ಚೆನ್ನಾಗಿತ್ತು ಸಾರ್" ಎಂದ.

ನನ್ನ ಬಳಿ ವಾದಗಳಿಗೆ ಬರವಿರಲಿಲ್ಲ. ತಿಂಗಳೆಂದರೆ ತಿಂಗಳು, ಎರಡು ಸೇರಿಸಿ ಒಂದು ಎನ್ನಲು ಅದೇನು ರೈಲು ಡಬ್ಬಿಯೇ ಎಂದು ಕೇಳಬಹುದಿತ್ತು. ಬಾಯಿ ತೆರೆದೆ. ಹದಿನೆಂಟನೆಯ ದಿನ ನೆನಪಾಯಿತು. ತೊಳೆದಿಟ್ಟ ಕಪ್ಪು-ಬಸಿಯನ್ನು ಎತ್ತಿ ಮೇಲಿನ ಅಟ್ಟದಲ್ಲಿಟ್ಟು, "ಪೂರ್ತಿ ಅಂದ ಮೇಲೆ ಪೂರ್ತಿ" ಎಂದೆ. ಪ್ರಸನ್ನ ಎದ್ದು ನಿಂತು ಕೈ ಕುಲುಕಿದ. ಗಿರಿಜೆ ಒಳಗೆ ಹೋಗಿ, ಉಳಿಸಿಟ್ಟಿದ್ದ ಒಂದು ಅನಾರಸವನ್ನು ತಟ್ಟೆಯಲ್ಲಿ ತಂದಳು. "ಇದೊಂದು ತಿನ್ರಿ" ಎಂದಳು. ಎಷ್ಟೋ ವರ್ಷಗಳ ಮೇಲೆ ಅವಳು ನನ್ನ ಮುಖವನ್ನು ನೋಡಿ ನಿಂತಿದ್ದಳು. ಅಷ್ಟು ನಾಚಿಕೆಯಿಂದ ನಾನು ಯಾವ ಸಿಹಿಯನ್ನೂ ತಿಂದಿಲ್ಲ.

ನಿಜ ಶ್ರಾವಣದಲ್ಲಿ ನಾನು ಒಂದು ಹನಿ ಚಹಾ ಮುಟ್ಟಲಿಲ್ಲ. ಸುಲ್ತಾನ್ ಬಜಾರಿನ ಕಡೆ ಹೋಗುವ ಬಸ್ಸನ್ನೇ ಹತ್ತಲಿಲ್ಲ. ಪಂಚಮಿಯ ಉಂಡಿ ಕಣ್ಣೆದುರು ಡಬ್ಬಿ ತುಂಬಿದಾಗಲೂ ಒಂದೇ ತಿಂದೆ. ಮೂವತ್ತು ದಿನ ಗೋಡೆಯ ಹಾಳೆಯ ಮುಂದೆ ನಿಂತು, ಗಿರಿಜೆ ಗೀಟು ಎಳೆಯುವುದನ್ನು ಕಣ್ಣಾರೆ ನೋಡಿದೆ. ಎರಡನೆಯ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಅವಳೇ ಅಟ್ಟದಿಂದ ಕಪ್ಪು-ಬಸಿ ಇಳಿಸಿ, ಸಕ್ಕರೆ ಚಿಟಿಕೆಯಷ್ಟು ಹಾಕಿದ ಚಹಾ ತಂದು ನನ್ನ ಮುಂದಿಟ್ಟಳು. ನಾನು ಬಸಿಗೆ ಸುರಿದು ಒಂದು ಗುಟುಕು ಕುಡಿದೆ.

"ಸುಲ್ತಾನ್ ಬಜಾರಿನ ಚಹಾದಷ್ಟು ಚಲೋ ಆಗಿರಲಿಕ್ಕಿಲ್ಲ ಬಿಡ್ರಿ" ಎಂದಳು.

ಬಸಿ ನನ್ನ ಕೈಯಲ್ಲಿ ಅಲ್ಲೇ ನಿಂತಿತು.

"ಅವತ್ತ ನಮ್ಮ ಅಣ್ಣ ಅನಾರಸದ ಡಬ್ಬಿ ತಂದಿದ್ದ. ನಾನೂ ಅತ್ತೀನೂ ಸ್ಟೇಷನ್ನಿಗೆ ಹೋಗಿ ಇಸ್ಕೊಂಡು, ಹಂಗ ಗಾಜಿನ ಬಳಿ ಅಂಗಡಿಗೆ ಹೋಗಿದ್ವಿ. ಎದುರಿಗೇ ನೀವು. ಕಣ್ಣು ಮುಚ್ಕೊಂಡು ಕುಡ್ಯಾಕತ್ತಿದ್ರಿ" ಎಂದಳು ಗಿರಿಜೆ. ನೋಡಿ ಸುಮ್ಮನಿದ್ದದ್ದೇಕೆ ಎಂದು ಕೇಳಿದೆ. "ನಾ ಅಲ್ಲೇ ಬಂದು ಕೇಳಾವಾಕಿ ಇದ್ದೆ. ಅತ್ತಿ ಕೈ ಹಿಡ್ದು ನಿಲ್ಸಿದ್ರು. ಇರಲಿ ಬಿಡು, ಇನ್ನೊಂದು ಶ್ರಾವಣ ಐತಲ್ಲ ಅಂದ್ರು."

ಅವ್ವ ಬತ್ತಿ ಹೊಸೆಯುತ್ತಲೇ ಇದ್ದಳು. ಗಿರಿಜೆ ಗೋಡೆಯ ಹಾಳೆಯನ್ನು ಮೆಲ್ಲಗೆ ಬಿಡಿಸಿ, ಮಡಿಚಿ, ತನ್ನ ಸೀರೆಗಳ ಕೆಳಗೆ ಇಟ್ಟಳು.

ಇಷ್ಟಾದರೂ ನಾನು ನನ್ನ ಪಟ್ಟು ಬಿಟ್ಟಿಲ್ಲ. ವರ್ಷದ ನಿಶ್ಚಯ ಮಾಡುವವರೆಲ್ಲ ಮೋಸಗಾರರು, ತಿಂಗಳೇ ಸತ್ಯ ಎಂದು ಈಗಲೂ ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಪ್ರಸನ್ನನ ಬಾಗಿಲಿನ ಶೀಟು ಆ ಡಿಸೆಂಬರಿನಲ್ಲಿ ಬರೀ ಕೆಂಪು ಚೌಕಗಳಿಂದ ತುಂಬಿತ್ತು ಎಂಬುದನ್ನೂ ಸೇರಿಸಿಯೇ ಹೇಳುತ್ತೇನೆ. ಮುಂದಿನ ಜನವರಿಯಲ್ಲಿ ಅವನು ತಂದ ಹೊಸ ಕ್ಯಾಲೆಂಡರನ್ನು ಗೌರವದಿಂದ ಪಕ್ಕಕ್ಕಿಟ್ಟು, ಸುಲ್ತಾನ್ ಬಜಾರಿಗೆ ಹೋಗಿ ಕನ್ನಡ ಕ್ಯಾಲೆಂಡರ್ ಕೊಂಡು ತಂದೆ. ಹೊಸ ತಿಂಗಳಿಗೆ ಹೊಸ ಗುರಿ ಬರೆಯುವ ಮೊದಲು ಅದನ್ನು ಕೊನೆಯ ಹಾಳೆಯ ತನಕ ತಿರುವಿ ನೋಡಿದೆ. ಅಧಿಕ ಮಾಸ ಎಲ್ಲೂ ಇಲ್ಲ. ಅವ್ವನನ್ನು ಕೇಳಿದರೆ, ಅದು ಬರಲು ಇನ್ನೂ ಎರಡು ವರ್ಷದ ಮೇಲಾಗುತ್ತದೆ ಎಂದಳು. ಅಲ್ಲಿಯವರೆಗೆ ನಾನು ಕದ್ದು ಚಹಾ ಕುಡಿಯುವ ಹಾಗಿಲ್ಲ.